ಈ ಮರಿ ಯಾರದು, ಹೇಳು

1993ರ ಚಳಿಗಾಲ. ಹಾರೂಗೇರಿ ಹೊರಗಿನ ಕಬ್ಬು ಕಡಿದ ಹೊಲದಲ್ಲಿ ಇನ್ನೂ ಹೊತ್ತು ಮೂಡಿಲ್ಲ, ಆಗಲೇ ಗದ್ದಲವೋ ಗದ್ದಲ! ಬಲೆಯ ಬೇಲಿಯಾಚೆ ನೂರರ ಹತ್ತಿರ ಕುರಿಗಳು, ಈಚೆ ತಟ್ಟಿಯೊಳಗೆ ನಲವತ್ತರಷ್ಟು ಮರಿಗಳು. ರಾತ್ರಿಯಿಡೀ ಅಗಲಿದ್ದ ತಾಯಿ ಮಕ್ಕಳು ಒಂದೇ ಸಮನೆ ಒದರುತ್ತಿವೆ. ನಡುವೆ ಕೆಂಪವ್ವ ಸೆರಗು ಬಿಗಿದು ನಿಂತಿದ್ದಾಳೆ. ಇವತ್ತು ಮರಿ ಬಿಡುವವಳು ಅವಳಲ್ಲ, ಮಗ ಮಲಕಾರಿ.

ಪ್ರತಿ ಮರಿಯನ್ನೂ ಅದರ ತಾಯಿಗೇ ಒಯ್ದು ಹಾಲಿಗೆ ಬಿಡುವುದು ಕುರಿಗಾರರ ಮುಂಜಾನೆಯ ಮೊದಲ ಕೆಲಸ. ಮೂತಿ, ಕಿವಿ, ಬಣ್ಣ, ಕೂಗು ಇಷ್ಟರಲ್ಲೇ ಗುರುತು ಹಿಡಿಯಬೇಕು. ತಪ್ಪಿತೋ, ಕುರಿ ಒಮ್ಮೆ ಮೂಸಿ ಮರಿಯನ್ನು ಗುಮ್ಮಿ ಕೆಡವುತ್ತದೆ. ಮದುವೆಯಾಗಿ ಬಂದಾಗಿನಿಂದ ಕೆಂಪವ್ವ ಇದನ್ನು ಮಾಡುತ್ತಿದ್ದಾಳೆ. ಹಿಂಡು ಯಾರದೆಂದು ಕೇಳಿದರೆ ಜನ ಗಂಡ ಕಾಡಸಿದ್ದನ ಹೆಸರು ಹೇಳುತ್ತಾರೆ. ಅವಳೂ ಅದನ್ನೇ ಹೇಳುತ್ತಾಳೆ.

ಎರಡು ವರ್ಷದ ಹಿಂದೆ ಮಲಕಾರಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದ. ಆಗ ಅವನಿಗೆ ಹತ್ತೊಂಬತ್ತು. ತಲೆ ಕಲ್ಲಿಗೆ ಬಡಿಯಿತು. ಮಿರಜದ ದವಾಖಾನೆಯಲ್ಲಿ ಆಪರೇಶನ್ ಆಗಿ ಕಣ್ಣು ಬಿಟ್ಟಾಗ ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ, ಹೆಸರುಗಳೆಲ್ಲ ಮಾಯ! "ನನ್ನ ಮಾರಿ ನೋಡಿ 'ಯಾರ ನೀ' ಅಂದ್ನರಿ. ಹೆತ್ತಾಕಿಗೆ! ಹೊರಗ ಹೋಗಿ ಗ್ವಾಡಿ ಹಿಡಕೊಂಡು ಅತ್ನಿ" ಎನ್ನುತ್ತಾಳೆ ಕೆಂಪವ್ವ. ಆಮೇಲೆ ಅಳಲು ಪುರಸೊತ್ತೇ ಸಿಗಲಿಲ್ಲವಂತೆ.

ಗೊತ್ತಿದ್ದ ಕೆಲಸವನ್ನೇ ದಿನವೂ ಮಾಡಿಸಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ತಂಗಿ ತಾರವ್ವ ಅಣ್ಣನ ಬಲಗೈಗೆ ಉಣ್ಣೆ ಕೊಟ್ಟು ನೂಲಲು ಕೂರಿಸಿದಳು. ಅವನು ಸಿಟ್ಟಿನಿಂದ ಎಸೆಯುತ್ತಿದ್ದ, ಅವಳು ಆರಿಸಿ ತಂದು ಮತ್ತೆ ಕೊಡುತ್ತಿದ್ದಳು. ಹುಡುಗಿಯೂ ಕಡಿಮೆ ಹಟಮಾರಿಯಲ್ಲ. ಕೆಂಪವ್ವ ಮಾತ್ರ ಬೆಳಗಾದರೆ ಒಂದು ಮರಿ ತಂದು ಅವನ ತೊಡೆಯ ಮೇಲೆ ಇಡುತ್ತಿದ್ದಳು. "ಈ ಮರಿ ಯಾರದು, ಹೇಳು."

"ನಾವು ತಪ್ಪಾತು ಅಂದ್ರ ಬೆಂಕಿ ಆಗಾಂವರಿ. ಕುರಿ ಗುಮ್ಮಿದ್ರ ಯಾರ ಮ್ಯಾಲ ಸಿಟ್ಟಾಗ್ತಾನ? ಸುಮ್ಮನ ಇನ್ನೊಂದು ಕುರಿ ಹುಡುಕಾಂವ." ಹೀಗೆ ಹುಡುಕುತ್ತ ಹುಡುಕುತ್ತ ಒಂದು ಬೆಳಗ್ಗೆ ಮರಿ ಸರಿಯಾದ ತಾಯಿಯ ಕೆಳಗೆ ಹೋಯಿತು. ಕುರಿ ನೆಕ್ಕತೊಡಗಿತು. ಮಲಕಾರಿ ಬಾಯಿ ತೆರೆದು "ಕರಿಮೂತಿ" ಎಂದ. "ಅವ್ವನ ಹೆಸರಿಗಿಂತ ಮೊದಲ ಕುರಿ ಹೆಸರು ಬಂತು ನೋಡ್ರಿ!" ಎಂದು ಕೆಂಪವ್ವ ಈಗ ಬಿದ್ದುಬಿದ್ದು ನಗುತ್ತಾಳೆ.

ಕೈ ಬಂತು, ಮಾತು ಬಂತು, ಹೆಸರುಗಳು ಒಂದೊಂದಾಗಿ ಬಂದವು. ಆದರೂ ಅವಳಿಗೊಂದು ಕೊರಗು. ಮೊದಲಿನ ಮಲಕಾರಿ ಮಹಾ ಕಿಲಾಡಿ. ಬೇಕಂತಲೇ ಬೇರೆ ಕುರಿಗೆ ಮರಿ ಬಿಟ್ಟು ಅವ್ವನನ್ನು ಹೊಲವೆಲ್ಲ ಓಡಾಡಿಸುತ್ತಿದ್ದ. "ಎಲ್ಲಾ ಬರೋಬ್ಬರಿ ಮಾಡ್ತಾನ, ಖರೆ. ಆದರ ಆ ಮಸ್ಕಿರಿ ಹೋತರಿ. ಮನ್ಯಾಗ ಬ್ಯಾರೆ ಯಾರೋ ಇದ್ದಂಗ ಆಗ್ತೈತಿ."

ನಾಳೆ ಹಿಂಡು ಮೇವು ಹುಡುಕಿ ಹೊರಡುತ್ತದೆ, ತಿರುಗಿ ಬರುವುದು ಮಳೆಗಾಲಕ್ಕೇ. ಮಲಕಾರಿ ಜೊತೆಗೆ ಬರುತ್ತಾನೋ, ಸೋದರತ್ತೆ ದುಂಡವ್ವನ ಮನೆಯಲ್ಲಿ ಉಳಿಯುತ್ತಾನೋ? ಕಾಡಸಿದ್ದ ಖಡಕ್ಕಾಗಿ ಹೇಳಿಬಿಟ್ಟಿದ್ದಾನೆ: "ಇವತ್ತ ಒಂದ ಮರಿ ತಪ್ಪಿದ್ರೂ ಅಂವನ್ನ ಬಿಟ್ಟು ಹೋಗೂದ. ಅಡವ್ಯಾಗ ತಲಿ ಕೆಟ್ರ ಯಾರ ನೋಡಾವ್ರು?" ಮಗನ ಮೇಲಿನ ಜೀವವೇ ಹಾಗೆ ಆಡಿಸಿದೆ ಎಂದು ಕೆಂಪವ್ವನಿಗೆ ಗೊತ್ತು. ಆದರೂ ಅವನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ.

ಮಲಕಾರಿ ತಟ್ಟಿ ತೆಗೆಯುತ್ತಾನೆ. ಅದೇ ಬಲಗೈಯಿಂದ ಮರಿ ಎತ್ತುತ್ತಾನೆ. ಕರಿಮೂತಿಗೆ ಅದರದ್ದು, ಮೊಂಡಗಿವಿಗೆ ಅದರದ್ದು, ಚುಕ್ಕಿಗೆ ಎರಡು. ಒಂದಾದ ಮೇಲೊಂದು ಸರಸರನೆ ಹೋಗುತ್ತಿವೆ, ಒದರಾಟ ಇಳಿಯುತ್ತಿದೆ. ತಾರವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಬ್ಬಾ, ಇನ್ನೊಂದೇ ಮರಿ! ಅದು ಬಿಳಿಗಾಲು ಎಂಬ ಕುರಿಯದು, ತಾಯಿಯ ಹಾಗೇ ಕಾಲೆಲ್ಲ ಬಿಳಿ, ಕುರುಡರಿಗೂ ಗೊತ್ತಾಗುವಂಥದ್ದು.

ಮಲಕಾರಿ ಅದನ್ನು ಒಯ್ದು ಮೊಂಡಗಿವಿಯ ಕೆಳಗೆ ಬಿಡುತ್ತಾನೆ.

ಮೊಂಡಗಿವಿ ಮೂಸುತ್ತದೆ, ಗುಮ್ಮುತ್ತದೆ. ಮರಿ ಉರುಳಿ ಬೀಳುತ್ತದೆ. ಕಾಡಸಿದ್ದ ಮುಖ ತಿರುಗಿಸುತ್ತಾನೆ. "ಅಯ್ಯ ನನ ಮಗನ, ಅದು ಬಿಳಿಗಾಲಿಂದೋ!" ಎಂದು ಚೀರುತ್ತ ಕೆಂಪವ್ವ ಓಡುತ್ತಾಳೆ. ಗೂಟ ಎಡವಿ, ಕುರಿಗಳನ್ನು ಸರಿಸಿ, ಮರಿಯನ್ನು ಎತ್ತಿ ತಿರುಗಿ ನೋಡಿದರೆ ಮಲಕಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ.

"ಗೊತ್ತೈತಿ ಬೇ! ನೀ ಇನ್ನೂ ಓಡ್ತೀಯೋ ಇಲ್ಲೋ ನೋಡಿದ್ನಿ."

ಕಾಡಸಿದ್ದ ಮೀಸೆ ಒರೆಸಿಕೊಂಡು ಮಗಳಿಗೆ ಹೇಳುತ್ತಾನೆ: "ತಾರಾ, ಗಂಟಿನ್ಯಾಗ ಇನ್ನೊಂದ ಕಂಬಳಿ ಕಟ್ಟ. ಇವಗೂ ಬೇಕಲ್ಲ."

ಕೆಂಪವ್ವ ಮರಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಅಳುತ್ತಾಳೆ, ನಗುತ್ತಾಳೆ, "ಹುಚ್ಚ ನನ ಮಗನ" ಎಂದು ಬೈಯುತ್ತಾಳೆ. ಇನ್ನೇನು ಆಸೆ ಎಂದು ಕೇಳಿದರೆ ಮೂಗು ಒರೆಸಿಕೊಳ್ಳುತ್ತಾಳೆ.

"ದವಾಖಾನ್ಯಾಗ ಹುಷಾರಾದ ಅಂದ್ರು, ಊರಾಗ ಹುಷಾರಾದ ಅಂದ್ರು. ನಾ ಅಂದಿರಲಿಲ್ಲರಿ, ಇವತ್ತ ಅಂತೀನಿ. ಇನ್ನ ದಿನಾ ಹಿಂಗ ಓಡಿಸ್ಲಿ ನನ್ನ. ಕಾಲು ಗಟ್ಟಿ ಅದಾವ."