ಬೀಗರೂಟಕ್ಕೆ ಎಲೆಕ್ಟ್ರಾನಿಕ್ ಸಂಗೀತ

ಮಳವಳ್ಳಿಯಿಂದ ಮಂಡ್ಯಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಹೆಂಗಸೊಬ್ಬಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಧಾರಾವಾಹಿ ನೋಡ್ತಾವ್ಳೆ ಅಂದುಕೊಳ್ಳುತ್ತಾರೆ, ಇಲ್ಲವೇ ದೇವರ ನಾಮ ಅಂದುಕೊಳ್ಳುತ್ತಾರೆ. ನಾನು ಕೇಳುವುದು ಎಲೆಕ್ಟ್ರಾನಿಕ್ ಸಂಗೀತ. ಅದರಲ್ಲಿ ಹಾಡಿಲ್ಲ, ಮಾತಿಲ್ಲ, ಬರೀ ಸದ್ದು. ನನ್ನ ಗಂಡ ಒಮ್ಮೆ ಒಂದು ಕಿವಿಗೆ ಹಾಕಿಕೊಂಡು ನೋಡಿ, "ಮಿಕ್ಸಿ ರಿಪೇರಿಗೆ ಬಂದದೆ ಕಣೇ, ಬೇಗ ತೋರ್ಸು" ಅಂದರು. ಅವತ್ತಿನಿಂದ ಅವರಿಗೆ ಕೇಳಿಸುವುದನ್ನು ಬಿಟ್ಟೆ.

ವರ್ಷಗಟ್ಟಲೆ ನಾನೂ ಹೊರದೇಶದ ನಾಲ್ಕೈದು ದೊಡ್ಡ ಲೇಬಲ್ಲುಗಳು ಹೊರತಂದದ್ದನ್ನೇ ಕೇಳಿಕೊಂಡಿದ್ದೆ. 'ನಿಮಗೆ ಇದೂ ಇಷ್ಟವಾಗಬಹುದು' ಎಂದು ಫೋನು ಮತ್ತೆ ಮತ್ತೆ ಆ ಕಂಪನಿಗಳ ಸರಕನ್ನೇ ತಂದು ಸುರಿಯುತ್ತಿತ್ತು. ಒಂದು ದಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ನನ್ನ ತಲೆಯೂ ಕೆಟ್ಟಿತು. ನನಗೇನು ಇಷ್ಟ ಅಂತ ಹೇಳೋಕೆ ನೀನ್ಯಾರೋ ಎಂದು ಫೋನಿಗೇ ಬೈದು, ಯಾರು ಬೇಕಾದರೂ ತಮ್ಮ ಸಂಗೀತ ಹಾಕಬಹುದಾದ ಒಂದು ಜಾಲತಾಣಕ್ಕೆ ಹೋದೆ. ಅಲ್ಲಿ ಕೇಳುವವರೇ ಇಲ್ಲದವರನ್ನು ಹುಡುಕಿ ಹುಡುಕಿ ಕೇಳತೊಡಗಿದೆ. ಅಬ್ಬಬ್ಬಾ, ಏನೇನು ಜನ! ಒಬ್ಬ ಮಹಾನುಭಾವ ತನ್ನ ಮನೆಯ ಫ್ರಿಜ್ಜನ್ನು ಮುಕ್ಕಾಲು ಗಂಟೆ ನುಡಿಸಿದ್ದ. ಇನ್ನೊಬ್ಬಳು ಮಂಜುಗಡ್ಡೆ ಕರಗುವುದನ್ನು ಕೇಳಿಸಿದ್ದಳು. ಅದನ್ನು ಕೇಳುವಾಗ ನಾನು ಕಿಟಕಿ ತೆರೆಯದ ಬಸ್ಸಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೆ. ಅರ್ಧ ಜನಕ್ಕೆ ತಲೆ ನೆಟ್ಟಗಿರಲಿಲ್ಲ. ಉಳಿದರ್ಧ ಜನ ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ, ಇವರಿಗೆ ಕೇಳುಗರಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಹೀಗೇ ಒಂದು ಸಂಜೆ ಕನ್ನಡದ ಹೆಸರೊಂದು ಕಣ್ಣಿಗೆ ಬಿತ್ತು: 'ನಾಲೆಗೆ ನೀರು ಬಿಟ್ಟಾಗ'. ತಳದಲ್ಲಿ ಉದ್ದಕ್ಕೆ ಗುಂಯ್ ಎನ್ನುವ ಸದ್ದು, ಅದರ ಮೇಲೆ ಧಪ್, ಧಪ್ ಎಂದು ಒಂದು ಪೆಟ್ಟು, ಕೊನೆಗೆ ನೀರು. ಆ ಪೆಟ್ಟಿಗೆ ನನ್ನ ಎದೆ ಝಲ್ಲೆಂದಿತು. ಮಾಡಿದವರಿಗೆ ಇಂಗ್ಲಿಷಿನಲ್ಲಿ ಉದ್ದುದ್ದ ಬರೆದು, ಇದು ಯಾವ ಡ್ರಮ್ ಮಷೀನು, ಬಹಳ ದುಬಾರಿಯದೇ ಇರಬೇಕು ಎಂದು ಕೇಳಿದೆ. ಉತ್ತರ ಬಂತು: "ಅಕ್ಕ, ಕನ್ನಡದಲ್ಲೇ ಬರೀರಿ. ಅದು ನಮ್ಮವ್ವ ಮುದ್ದೆ ತಿರುವೋ ಸದ್ದು." ಮದುವೆಯಾದಾಗಿನಿಂದ ದಿನಾ ಮುದ್ದೆ ತಿರುವುತ್ತಿರುವ ನಾನು ಬಸ್ಸಿನಲ್ಲೇ ಪಕಪಕ ನಕ್ಕುಬಿಟ್ಟೆ.

ಬರೆದವಳು ಬೆಸಗರಹಳ್ಳಿ ಹತ್ತಿರದ ಒಂದು ಹಳ್ಳಿಯ ಹುಡುಗಿ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಗುಂಯ್ ಎನ್ನುವುದು ಅವರ ತೋಟದ ಮೋಟಾರಂತೆ. ಅವಳ ಒಂದೇ ಕೊರಗು ಅವ್ವ. "ಯಾವ್ಯಾವ್ದೋ ದೇಶ್ದೋರು ಕೇಳವ್ರೆ ಅಕ್ಕ, ನಮ್ಮವ್ವ ಒಂದ್ಸಲಾನೂ ಕೇಳಿಲ್ಲ. ಇಯರ್‌ಫೋನ್ ಕೊಟ್ರೆ ಕಿವಿ ಓಯ್ತದೆ ಬುಡು ಅಂತಾಳೆ. ಅಣ್ಣನ ಮದ್ವೆ ಆದ್ಮೇಲೆ ಆ ಡಬ್ಬ ಅಟ್ಟಕ್ಕೆ ಮಡಗು, ಸರ್ಕಾರಿ ಕೆಲ್ಸದ ಪರೀಕ್ಸೆಗೆ ಓದು ಅಂತಾವ್ಳೆ." ಡಬ್ಬ ಎಂದರೆ ಲ್ಯಾಪ್‌ಟಾಪು. ಕೊನೆಗೆ ಅಣ್ಣನಿಗೆ ಕನಿಕರ ಬಂದು, ಬೀಗರೂಟದ ದಿನ ಹೇಗೂ ದೊಡ್ಡ ಸ್ಪೀಕರ್ ತರಿಸಿರುತ್ತೇವೆ, ಜನ ಉಣ್ಣುವಾಗ ಒಂದು ಸಲ ಹಾಕಿಕೋ ಎಂದಿದ್ದ. ಅವ್ವ ಕೇಳಿದರೆ ಅವತ್ತೇ ಕೇಳಬೇಕು. "ನೀವೂ ಬನ್ನಿ ಅಕ್ಕ, ನನ್ ಕಡೇರು ಒಬ್ರಾದ್ರೂ ಇರ್ಲಿ" ಎಂದು ಕರೆದಳು. ಮದ್ದೂರಿಗೆ ಹೋಗಿ, ಬಸ್ಸು ಬದಲಿಸಿ, ಹಳ್ಳಿ ಸೇರಿದೆ.

ಮದುವೆಯಲ್ಲಿ ಸಿಹಿ ಉಂಡು ಸಪ್ಪಗಾಗಿರುವ ನಮ್ಮ ಜನಕ್ಕೆ ಜೀವ ಬರುವುದೇ ಬೀಗರೂಟದ ಬಾಡಿನಲ್ಲಿ. ಪಂಕ್ತಿಗೆ ಜಾಗ ಸಿಗಬೇಕೆಂದರೆ ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲಬೇಕು. ನಾನೂ ಹಾಗೇ ನಿಂತು, ಒಬ್ಬರು ಎದ್ದ ಕುರ್ಚಿಗೆ ಹಾರಿ ಕೂತೆ. ಅವ್ವ ಸಾರಿನ ಬಕೆಟ್ಟು ಹಿಡಿದು ಎಲೆಯಿಂದ ಎಲೆಗೆ ಓಡುತ್ತಿದ್ದರು. ಶಾಮಿಯಾನದ ಮೂಲೆಯಲ್ಲಿ ಹುಡುಗಿ ಬಿಳಿಚಿಕೊಂಡು ಬಟನ್ ಒತ್ತಿದಳು. ಗುಂಯ್ ಶುರುವಾಯಿತು.

ಎದುರು ಪಂಕ್ತಿಯಲ್ಲಿದ್ದ ಹೆಣ್ಣಿನ ಸೋದರಮಾವ ಮೂಳೆ ಚೀಪುವುದನ್ನು ನಿಲ್ಲಿಸಿದ. "ಲೇ, ಜನರೇಟ್ರು ಎಳೀತಾ ಅದೆ ಕಣ್ಲಾ! ಸುಟ್ಟೋಯ್ತದೆ, ಆಪ್ ಮಾಡ್ಲಾ!"

ಯಾರೋ ಓಡಿಹೋಗಿ ಆಫ್ ಮಾಡಿದರು. ಫ್ಯಾನು ನಿಂತಿತು. ಸ್ಪೀಕರಿಗೂ ಅದೇ ಕರೆಂಟು, ಅದೂ ನಿಂತಿತು. "ನೋಡ್ದಾ? ನಾನೇಳ್ಲಿಲ್ವಾ?" ಎಂದು ಮಾವ ಸುತ್ತ ನೋಡಿದ. ಎಲ್ಲರೂ ಭೇಷ್ ಎಂದರು. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಮತ್ತೆ ಆನ್ ಮಾಡಿದರು. ಹುಡುಗಿ ಮತ್ತೆ ಮೊದಲಿನಿಂದ ಹಾಕಿದಳು. ಮತ್ತೆ ಗುಂಯ್. "ಇನ್ನೂ ಎಳೀತಾ ಅದೆ ಕಣ್ಲಾ!" ಮತ್ತೆ ಆಫ್. ಸಾರಿನ ಖಾರಕ್ಕೂ ಸೆಕೆಗೂ ಜನ ತೊಯ್ದು ತೊಪ್ಪೆಯಾಗಿದ್ದರು. ಮೂರನೆಯ ಸಲ ಹೀಗೇ ಆಗುವುದರಲ್ಲಿತ್ತು, ನನಗೆ ರೇಗಿಹೋಯಿತು. ಎಂಜಲು ಕೈಯಲ್ಲೇ ಎದ್ದು ನಿಂತು ಕೂಗಿದೆ: "ರೀ, ಅದು ಜನರೇಟ್ರಲ್ಲ, ಸಂಗೀತ!"

ಶಾಮಿಯಾನವೆಲ್ಲ ನನ್ನ ಕಡೆ ತಿರುಗಿತು. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಂಗೀತ್ವಾ? ಪದ ಯೋಳೋರೇ ಇಲ್ವಲ್ಲಮ್ಮ" ಅಂದ. ಉತ್ತರ ಕೊಟ್ಟು ಕೂರೋಣವೆಂದರೆ ಕುರ್ಚಿ ಎಲ್ಲಿ? ನಾನು ಎದ್ದದ್ದೇ ತಡ, ಹಿಂದೆ ನಿಂತಿದ್ದ ಹೆಂಗಸು ಕೂತಾಗಿತ್ತು. ಇನ್ನೂ ಅರ್ಧ ಮುದ್ದೆ ಇದ್ದ ನನ್ನ ಎಲೆಯನ್ನು ಆಯಮ್ಮ ಆಗಲೇ ಮಡಚುತ್ತಿದ್ದಳು.

ಈ ಗಲಾಟೆಯಲ್ಲಿ ಯಾರೂ ಜನರೇಟರ್ ಹತ್ತಿರ ಹೋಗಲಿಲ್ಲ. ಸಂಗೀತ ಮುಂದೆ ಹೋಯಿತು. ಧಪ್. ಧಪ್. ಹೆಣ್ಣಿನ ತಾಯಿ, ಅಂದರೆ ಈ ಮನೆಯ ಹೊಸ ಬೀಗಿತ್ತಿ, ತುತ್ತನ್ನು ಬಾಯಿ ಹತ್ತಿರವೇ ತಡೆದರು.

"ಇದು ಮುದ್ದೆ ತಿರುವೋ ಸದ್ದಲ್ವಾ?"

ಪಕ್ಕದ ಮುದುಕಿ ಕಿವಿಗೊಟ್ಟಳು. "ಊಂ ಕಣವ್ವ. ಆದ್ರೆ ಗಂಟು ಬಿದ್ದದೆ. ಕೋಲು ತಡ್ದು ತಡ್ದು ಓಯ್ತಾ ಅದೆ, ಕೇಳು."

"ನಾನೂ ಅದ್ನೇ ಅನ್ಕಂಡೆ. ಯಾರ್ ಮನೇದು?"

ಹುಡುಗಿಗೆ ಸುಳ್ಳು ಹೇಳಲು ಬರಲಿಲ್ಲ. ಬಕೆಟ್ಟು ಹಿಡಿದು ನಿಂತಿದ್ದ ತಾಯಿಯ ಕಡೆ ಬೆರಳು ತೋರಿಸಿ, "ನಮ್ಮವ್ವಂದು" ಅಂದುಬಿಟ್ಟಳು.

ಅಯ್ಯೋ ಶಿವನೇ ಅಂದುಕೊಂಡೆ. ಬೀಗರ ಮುಂದೆ, ಇಡೀ ಊರಿನ ಮುಂದೆ, ಮುದ್ದೆ ಗಂಟು! ಮಂಡ್ಯದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಇದ್ದರೆ ನನಗಂತೂ ಗೊತ್ತಿಲ್ಲ. ಅವ್ವ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಮೂಲೆಗೆ ನಡೆದರು. ಇನ್ನೇನು ಡಬ್ಬ ಕಿತ್ತು ಎಸೆಯುತ್ತಾರೆ ಎಂದು ನಾನೂ ಹಿಂದೆಯೇ ಓಡಿದೆ.

"ಗಂಟಾ? ನನ್ ಮುದ್ದೇಲಿ ಗಂಟಾ? ಇನ್ನೊಂದ್ಸಲ ಆಕು, ನಾನೂ ಕೇಳ್ತೀನಿ."

ಹುಡುಗಿ ಹಾಕಿದಳು. ಅವ್ವ ಸ್ಪೀಕರಿಗೆ ಕಿವಿ ಇಟ್ಟು ನಿಂತರು. ಯಾರಾದರೂ ಪಿಸಕ್ಕೆಂದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದರು. ಮಾವ ಕೂಡ ಅಗಿಯುವುದನ್ನು ನಿಲ್ಲಿಸಿ ಕೂತಿದ್ದ. ಮುದ್ದೆಯ ಸದ್ದು ಮುಗಿದು ನಾಲೆಯ ನೀರು ಬಂತು. ಕೇಳಬೇಕಾದ್ದು ಮುಗಿದಿದ್ದರೂ ಅವ್ವ ಅಲ್ಲಾಡಲಿಲ್ಲ, ಕೊನೆಯವರೆಗೂ ನಿಂತೇ ಇದ್ದರು. ಹುಡುಗಿಯ ಕಣ್ಣು ತುಂಬಿತ್ತು.

"ಈ ಗಂಟು ಮುದ್ದೇನ ಪರದೇಸ್ದೋರ್ಗೂ ಕೇಳ್ಸಿದ್ದೀಯಾ?"

ಹುಡುಗಿ ತಲೆಯಾಡಿಸಿದಳು.

"ಥೂ, ನನ್ ಮಾನ ಕಳ್ದಲ್ಲೇ! ಅವತ್ತು ಸೌದೆ ಅಸಿ ಇತ್ತು, ಉರೀನೇ ಇರ್ಲಿಲ್ಲ." ಅವ್ವ ಬಕೆಟ್ಟು ಎತ್ತಿಕೊಂಡರು. ಎರಡು ಹೆಜ್ಜೆ ಹೋಗಿ ತಿರುಗಿದರು. "ನಾಳೆ ಬೆಳಿಗ್ಗೆ ಬೇಗ ಎದ್ದು ಆ ಡಬ್ಬ ತಗಂಡು ಒಲೆ ತಾವ ಬಾ. ಸಂದಾಗಿ ತಿರುವ್ತೀನಿ, ಆ ಸದ್ದ ಇಡ್ಕೊ."