ಚಂದ್ರಕ್ಕನ ಎರಡು ಹಲ್ಲು

ಚಂದ್ರಕ್ಕ, ನಿನಗೆ ‘ಕೋರೆ ಚಂದ್ರಿ’ ಎಂದು ಹೆಸರಿಟ್ಟವನು ನಾನು. ನಿನ್ನ ಅಣ್ಣನ ಹೆಂಡತಿ ರಾಜತ್ತಿಗೆಯಲ್ಲ. ಮೂವತ್ತೈದು ವರ್ಷಕ್ಕೂ ಮೇಲೆ ನೀನು ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದೆ, ಅವರ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ — ಆ ಸಿಟ್ಟೆಲ್ಲ ನನಗೆ ಸೇರಬೇಕಾದದ್ದು. ಕಳೆದ ವಾರ ಅತ್ತಿಗೆ ಸತ್ತಾಗ ನೀನು ಜವಳಗಿರಿಯಿಂದ ಬಂದೆ. ಹುಣಸೆಮರದ ಕೆಳಗೆ ನಿಂತಿದ್ದು, ಎಲ್ಲರಂತೆ ಅವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕದೆ ಹಾಗೇ ಹೊರಟುಹೋದೆ. ನಾನು ನೋಡುತ್ತ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಎಲ್ಲಿಂದ ಶುರು ಮಾಡಲಿ — ಆ ಕ್ಯಾಸೆಟ್ಟಿನಿಂದಲೇ.

ಆ ವರ್ಷ ರಾಗಿ ಕಣ ಮುಗಿದ ಮೇಲೆ ಅಣ್ಣ ಹೊಸೂರಿನಿಂದ ಟಿ.ವಿ., ವಿಸಿಆರ್ ಬಾಡಿಗೆಗೆ ತಂದಿದ್ದರು. ಭಾನುವಾರ ಹಗಲು, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ನಡುಮನೆಯ ತುಂಬ ಬೀದಿಯವರೆಲ್ಲ ಕೂತಿದ್ದರು. ಒಂದು ದೇವರ ಸಿನಿಮಾ ಆಯಿತು, ಒಂದು ತಮಿಳು ಸಿನಿಮಾ ಆಯಿತು. ಮೂರನೆಯದು ಅಂಗಡಿಯವನು ತಪ್ಪಿ ಕೊಟ್ಟಿದ್ದ ಇಂಗ್ಲಿಷ್ ಕ್ಯಾಸೆಟ್ಟು, ರಕ್ತ ಹೀರುವ ಪಿಶಾಚಿಯ ತಮಾಷೆ ಚಿತ್ರ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆಗ ದೊಡ್ಡಪ್ಪ ನನ್ನ ಕಡೆ ತಿರುಗಿದರು.

“ಶೀನ, ನೀನು ಓದಿರೋನಲ್ವಾ? ಅವ್ನು ಏನಂತಾವ್ನೆ ಒಸಿ ಹೇಳ್ಲಾ.”

ನನ್ನ ಅಪ್ಪ ತೀರಿಹೋದ ಮೇಲೆ ದೊಡ್ಡಪ್ಪನ ಮನೆಯಲ್ಲೇ, ಅಂದರೆ ನಿನ್ನ ಅಪ್ಪನ ಮನೆಯಲ್ಲೇ, ನಿಮ್ಮ ಜೊತೆ ಬೆಳೆದವನು ನಾನು. ಆಗ ನನಗೆ ಹತ್ತೊಂಬತ್ತು ವರ್ಷ. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ನನ್ನ ಇಂಗ್ಲಿಷ್ ಎಷ್ಟೆಂದು ನನಗೆ ಗೊತ್ತಿತ್ತು, ಆದರೆ ಹಾಳೂರಿಗೆ ಉಳಿದವನೇ ಗೌಡ. ಎದ್ದು ಟಿ.ವಿ. ಪಕ್ಕ ನಿಂತು ಬಾಯಿಗೆ ಬಂದದ್ದು ಹೇಳುತ್ತ ಹೋದೆ. ಪಿಶಾಚಿಗೆ ತಮಿಳು, ಪೊಲೀಸರಿಗೆ ತೆಲುಗು, ಹುಡುಗಿಗೆ ನಮ್ಮೂರ ಮಾತು. ಎಲ್ಲರೂ ಅದೇ ನಿಜವಾದ ಕಥೆ ಎಂದು ನಂಬಿದರು.

ಆ ಚಿತ್ರದಲ್ಲಿ ಏನಿತ್ತು ಎಂದು ಈಗಲೂ ಯೋಚಿಸುತ್ತೇನೆ. ಬಾವಲಿ ರಬ್ಬರಿನದು. ಪಿಶಾಚಿ ಹಾರುವಾಗ ಸೊಂಟದ ಹಗ್ಗ ಕಾಣುತ್ತಿತ್ತು. ರಕ್ತ ಗುಲಾಬಿ ಶರಬತ್ತಿನ ಬಣ್ಣ. ನಮ್ಮೂರಿನ ದೆವ್ವಗಳಿಗೆ ತಮಾಷೆ ಗೊತ್ತಿರಲಿಲ್ಲ. ಗಾಳಿ ಮೆಟ್ಟಿತು ಎಂದರೆ ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆ, ಇಡೀ ಮನೆಗೆ ನಡುಕ. ಈ ಪರದೇಶದ ಪಿಶಾಚಿಯೋ ಬೆಳ್ಳುಳ್ಳಿ ಕಂಡರೆ ಓಡುವವನು, ತನ್ನ ನಿಲುವಂಗಿಯನ್ನೇ ತುಳಿದು ಬೀಳುವವನು. ಹೆದರಿಕೆಯನ್ನು ಎದುರಿಗೆ ಕೂರಿಸಿಕೊಂಡು ನಗಬಹುದು ಎಂದು ನಮಗೆ ಗೊತ್ತಾದದ್ದು ಅವತ್ತು. ಎಂಥ ಬಿಡುಗಡೆ ಅದು.

ಕೊನೆಗೆ ಅವನು ಹುಡುಗಿಯ ಕತ್ತಿಗೆ ಬಾಯಿ ಹಾಕುವಾಗ ಹಲ್ಲಿನ ಸೆಟ್ಟು ಕಳಚಿ ಅವಳ ಸಾರಿನ ಬಟ್ಟಲಿಗೆ ಬಿತ್ತಲ್ಲ — ನಾನು ಹುಡುಗಿಯ ದನಿ ಮಾಡಿ, “ಹೋಗ್ಲಿ ಬುಡು ಸಾಮಿ, ಮುದ್ದೆ ನುಂಗಾಕೆ ಹಲ್ಯಾಕೆ” ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ಕಣ್ಣಲ್ಲಿ ನೀರು ಬಂದು, ಅತ್ತಿಗೆಯ ತೊಡೆಯ ಮೇಲೆ ಬಿದ್ದು ಬಿದ್ದು ನಕ್ಕೆ. ನಗುವಾಗ ನಿನ್ನ ಎರಡು ಕೋರೆಹಲ್ಲು ಕೆಳತುಟಿಯ ಮೇಲೆ ಬಂದು ಕೂರುತ್ತಿದ್ದವು. ಚೆಂದ ಕಾಣುತ್ತಿದ್ದೆ. ಅದನ್ನೂ ನಾನು ಯಾವತ್ತೂ ಹೇಳಲಿಲ್ಲ.

ಕ್ಯಾಸೆಟ್ಟು ವಾಪಸು ಹೋಯಿತು, ನನ್ನ ಬಾಯಿ ಮಾತ್ರ ಮುಚ್ಚಲಿಲ್ಲ. ಕಂಡವರೆಲ್ಲ ಆ ಕಥೆ ಹೇಳು ಎನ್ನುವವರು. ಒಂದು ಬೆಳಗ್ಗೆ ಟೊಮೇಟೊ ಕೀಳಲು ಪಕ್ಕದೂರಿನ ಹೆಂಗಸರು ಬಂದಿದ್ದರು. ನೀನಿರಲಿಲ್ಲ, ಅತ್ತಿಗೆ ಇದ್ದರು. ಕಥೆಯಲ್ಲಿ ಪಿಶಾಚಿಯ ಹೆಂಡತಿ ಬರುವ ಕಡೆ ಒಬ್ಬಳು ಕೇಳಿದಳು: ಆ ಹೆಣ್ಣು ಪಿಶಾಚಿ ನೋಡೋಕೆ ಹೆಂಗಿತ್ತು? ನಾನು ಹೇಳಿದೆ — ಬರೆಯಲು ಕೈ ಬರುತ್ತಿಲ್ಲ —

“ನಮ್ಮ ಕೋರೆ ಚಂದ್ರಿ ಹಂಗೇ. ಹಲ್ಲು ಒಸಿ ಉದ್ದ ಅಷ್ಟೇ.”

ಸಾಲಿಗೆ ಸಾಲೇ ನಕ್ಕಿತು. ಅತ್ತಿಗೆ ಮಾತ್ರ ನಗಲಿಲ್ಲ. “ಬ್ಯಾಡ ಕಣ್ಲಾ ಶೀನ, ಮದ್ವೆ ಆಗೋ ಹುಡ್ಗಿ” ಎಂದರು. ನಾನು ಕೇಳಲಿಲ್ಲ. ನಗು ಸಿಕ್ಕುತ್ತಿತ್ತಲ್ಲ — ಬಾಯಿ ಅಗಲಿಸಿ ಪಿಶಾಚಿಯ ಹಾಗೆ ನಡೆದೂ ತೋರಿಸಿದೆ.

ನಿನ್ನನ್ನು ನೋಡಿ ಒಪ್ಪಿಹೋಗಿದ್ದ ಗಂಡಿನವರು ಆ ಪಕ್ಕದೂರಿನವರೇ. ಕೋರೆಹಲ್ಲಿನ ಸೊಸೆ ಬಂದರೆ ಗಂಡನ ಆಯಸ್ಸಿಗೆ ಕೇಡು ಎಂದು ನಂಬುತ್ತಿದ್ದ ಜನ. ನೋಡಲು ಬಂದಾಗ ನಿನ್ನ ಹಲ್ಲು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ನೀನು ತಲೆ ತಗ್ಗಿಸಿ ಕೂತಿದ್ದೆ, ನಕ್ಕಿರಲಿಲ್ಲ. ಎಂಟೇ ದಿನಕ್ಕೆ, ತೋಟದಲ್ಲಿ ನಾವೆಲ್ಲ ಹಣ್ಣು ಆರಿಸುತ್ತಿದ್ದಾಗ, ಮದುವೆ ದಲ್ಲಾಳಿ ಬಂದು ನಿಂತ. “ಬ್ಯಾಡ ಅಂದ್ಬುಟ್ರು. ಹುಡ್ಗೀನ ರಕ್ತ ಕುಡಿಯೋ ದೆವ್ವ ಅಂತ ನಿಮ್ಮನೇರೇ ತೋಟದಾಗೆ ಆಡ್ಕೊಂಡ್ರಂತೆ” ಎಂದ.

ನೀನು ನನ್ನ ಕಡೆ ನೋಡಲೇ ಇಲ್ಲ. ತೋಟದ ಆಳುಗಳ ಜೊತೆ ದಿನವೂ ಇರುತ್ತಿದ್ದವರು ಅತ್ತಿಗೆ.

“ನೀನೇ ಅಲ್ವಾ ಅತ್ತಿಗೆ?” ಎಂದು ನೀನು ಅವರನ್ನೇ ಕೇಳಿದೆ.

ಅತ್ತಿಗೆ ಒಂದು ಸಲ ನನ್ನ ಮುಖ ನೋಡಿದರು. ವಿಷಯ ಗೊತ್ತಾದರೆ ಅಣ್ಣ ನನ್ನ ಕಾಲು ಮುರಿಯುತ್ತಿದ್ದರು, ದೊಡ್ಡಪ್ಪ ಓದು ಬಿಡಿಸುತ್ತಿದ್ದರು — ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಬಗ್ಗಿ ಮತ್ತೆ ಹಣ್ಣು ಆರಿಸತೊಡಗಿದರು.

“ನಾನೇ ಅಂತ ಇಟ್ಕೋ ತಾಯಿ.”

ನನ್ನ ಕೈಯಲ್ಲಿ ಟೊಮೇಟೊ ಪೆಟ್ಟಿಗೆಯಿತ್ತು. ಅದನ್ನು ಹೊತ್ತುಕೊಂಡು ರಸ್ತೆಗೆ ನಡೆದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಹೋದದ್ದು ನಿನ್ನ ಹಲ್ಲು. ಹೊಸೂರಿಗೆ ಹೋಗಿ ಎರಡೂ ಕೀಳಿಸಿಕೊಳ್ಳುತ್ತೇನೆಂದು ನೀನು ಹಟ ಹಿಡಿದೆ, ಜೊತೆಗೆ ನನ್ನನ್ನೇ ಕರೆದೆ — “ಈ ಮನೇಲಿ ನಾನು ನಂಬೋದು ನಿನ್ನೊಬ್ಬನ್ನೇ ಶೀನ.” ವಾಪಸು ಬರುವಾಗ ನೀನು ಬಸ್ಸಿನ ಕಿಟಕಿಯಿಂದ ಉಗಿಯುತ್ತಿದ್ದೆ. ಆ ರಕ್ತ ಶರಬತ್ತಿನ ಬಣ್ಣದ್ದಲ್ಲ, ಕಪ್ಪಗಿತ್ತು. ಬಾಯಿಯ ಹತ್ತಿ ತೆಗೆದು, ಊದಿದ ಮುಖದಲ್ಲೇ ನನ್ನ ಕಡೆ ತಿರುಗಿ, “ಈಗ ನೋಡ್ಲಾ, ದಿಟವಾಗ್ಲೂ ರಕ್ತ ಕುಡಿದೋಳ ಥರ ಇಲ್ವಾ?” ಎಂದೆ. ನನ್ನನ್ನು ನಗಿಸಲು. ನನ್ನನ್ನು.

ಅವತ್ತು ಹೇಳಬಹುದಿತ್ತು. ಆಮೇಲೆ ನಿನಗೆ ಜವಳಗಿರಿಯಲ್ಲಿ ಮದುವೆಯಾಯಿತು, ನಾನು ಫ್ಯಾಕ್ಟರಿಗೆ ಸೇರಿದೆ — ಆಗಲೂ ಹೇಳಬಹುದಿತ್ತು. ಹತ್ತೊಂಬತ್ತಕ್ಕೆ ಹುಡುಗುಬುದ್ಧಿ ಎನ್ನೋಣ. ಐವತ್ತಕ್ಕೆ ಏನೆನ್ನೋಣ? ನೀನು ಈಗಲೂ ಬಾಯಿಗೆ ಸೆರಗು ಅಡ್ಡ ಹಿಡಿದೇ ನಗುತ್ತೀಯ. ನಾನು ಈಗಲೂ ಫೋನಿನಲ್ಲಿ ಅಂಥ ಹಳೆಯ ಪಿಶಾಚಿ ಚಿತ್ರಗಳನ್ನು ಹುಡುಕಿ ನೋಡುತ್ತೇನೆ. ನಗುತ್ತೇನೆ ಕೂಡ — ನಾಚಿಕೆಯಾಗುತ್ತದೆ, ಆದರೂ ನಗುತ್ತೇನೆ. ಹೆಣ್ಣು ಪಿಶಾಚಿ ಬಂದು ಹಲ್ಲು ತೋರಿಸಿದ ಕೂಡಲೇ ಫೋನು ಕೆಳಗಿಡುತ್ತೇನೆ.

ಹಾಸಿಗೆ ಹಿಡಿದ ಮೇಲೆ ಅತ್ತಿಗೆ ಒಂದೇ ಒಂದು ಸಲ ಆ ಮಾತೆತ್ತಿದರು. “ನಾನು ಹೋದ್ಮೇಲಾದ್ರೂ ಚಂದ್ರಂಗೆ ಹೇಳ್ಬುಡು ಶೀನ. ಅವ್ಳು ನನ್ನ ತೊಡೆ ಮೇಲೆ ಬಿದ್ದು ನಗೋಳು.” ಹೂಂ ಎಂದಿದ್ದೆ. ಅವರು ಸತ್ತ ದಿನ ನೀನು ನಿಂತಿದ್ದ ಹುಣಸೆಮರದವರೆಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ, ಅದನ್ನೂ ನಡೆಯಲಿಲ್ಲ.

ಗುರುವಾರ ಅತ್ತಿಗೆಯ ಹನ್ನೊಂದನೇ ದಿನದ ತಿಥಿ. ನೀನು ಬರಬೇಕು, ಅವರಿಗೆ ಒಂದು ಎಡೆ ನಿನ್ನ ಕೈಯಿಂದ ಇಡಬೇಕು. ನನ್ನ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದರೆ ಅದು ನ್ಯಾಯವೇ.

ನೀನು ಕಲಿತದ್ದು ತಮಿಳು ಅಕ್ಷರ, ಈ ಕನ್ನಡದ ಕಾಗದವನ್ನು ನಿನಗೆ ಬೇರೆ ಯಾರೋ ಓದಿ ಹೇಳುವುದು ಬೇಡ. ನಾಳೆ ಬೆಳಗಿನ ಬಸ್ಸಿಗೆ ಜವಳಗಿರಿಗೆ ನಾನೇ ಬರುತ್ತೇನೆ. ನಿನ್ನೆದುರು ಕೂತು ನಾನೇ ಓದುತ್ತೇನೆ. ಬರೆದಿರುವಷ್ಟನ್ನೇ ಓದುತ್ತೇನೆ ಚಂದ್ರಕ್ಕ. ಈ ಸಲ ನನ್ನದೊಂದು ಮಾತೂ ಸೇರಿಸುವುದಿಲ್ಲ.