ನಾಲ್ಕನೆಯ ಕಮಾನಿನ ಮೀನು

ಸೇತುವೆಗೆ ಮುನ್ನೂರು ವರ್ಷ. ಪಕ್ಕದ ಹನ್ನೊಂದು ಮನೆಗಳ ಹಳ್ಳಿಯ ಜಂಬಕ್ಕೂ ಅಷ್ಟೇ ವಯಸ್ಸು. ಅದನ್ನು ಕಟ್ಟಿದವನು ತಮ್ಮ ಸ್ವಂತ ತಾತನೇ ಎಂಬಂತೆ ಎಲ್ಲರೂ ಮಾತಾಡುತ್ತಿದ್ದರು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಕಲ್ಲು ಕೆತ್ತುವ ಮುದುಕನೊಬ್ಬ “ನಾಲ್ಕನೇ ಕಮಾನಿನ ಮೀನು ನಾನು ಕೆತ್ತಿದ್ದು” ಎಂದದ್ದಕ್ಕೆ ಮಾತ್ರ ಅವನಿಗೆ ಬುರುಡೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು.

ಅವನು ಹೇಳಿದ್ದು ನಿಜ. ನಲವತ್ತೈದು ವರ್ಷದ ಹಿಂದೆ ನೆರೆಯಲ್ಲಿ ಹಳೆಯ ಮೀನು ಕೊಚ್ಚಿಹೋದಾಗ, “ವ್ಯತ್ಯಾಸ ಯಾರಿಗೂ ಗೊತ್ತಾಗಬಾರದು” ಎಂದಿದ್ದ ಕಂಟ್ರಾಕ್ಟರು. ಗೊತ್ತಾಗಲೇ ಇಲ್ಲ. ನೆರೆ ಇಳಿದ ಮೇಲೂ ಊರೆಲ್ಲ ಹೆದರಿ ಗುಡ್ಡದ ಮೇಲೇ ಕೂತಿದ್ದರಿಂದ ಕಂಡವರಿಲ್ಲ, ಕಂಟ್ರಾಕ್ಟರೂ ತೀರಿಕೊಂಡ. ಆಗಷ್ಟೇ ಮದುವೆ ಗೊತ್ತಾಗಿದ್ದ ಹುಮ್ಮಸ್ಸಿನಲ್ಲಿ ಮೇಸ್ತ್ರಿ ಕಲ್ಲಿನ ಹಿಂಬದಿಗೆ ಹುಡುಗಿಯ ಹೆಸರನ್ನೂ ಕೆತ್ತಿ, ಗಾರೆ ಮೆತ್ತಿ ಕೂರಿಸಿದ್ದ.

“ಮುಂದೆ ಕೆತ್ತೋದು ಬಿಟ್ಟು ಹಿಂದೆ ಯಾರಾದ್ರೂ ಹೆಸರು ಕೆತ್ತುತ್ತಾರೇನ್ರೀ? ನನ್ನ ಕಿವಿ ಮೇಲೆ ಹೂವು ಇಡಬೇಡಿ” ಎನ್ನುತ್ತಿದ್ದಳು ಹೆಂಡತಿ. ಊರು ನಕ್ಕರೆ ತಡೆದುಕೊಳ್ಳುತ್ತಿದ್ದ ಮೇಸ್ತ್ರಿಗೆ ಈ ಮಾತು ಮಾತ್ರ ಹೊಟ್ಟೆ ಉರಿಸುತ್ತಿತ್ತು.

ಮೊನ್ನೆ ಸೇತುವೆಯ ರಿಪೇರಿಗೆಂದು ಇಲಾಖೆಯ ಮೇಡಂ ಬಂದರು. ಏಳು ಕಮಾನಿನ ಏಳೂ ಮೀನುಗಳನ್ನು ನೋಡಿ, ನಾಲ್ಕನೆಯದರ ಮುಂದೆ ನಿಂತೇಬಿಟ್ಟರು. “ಇಂಥ ಕೈ ಈಗ ಎಲ್ಲಿದೆ!”

ಆ ಕೈ ಎರಡು ಮಾರು ದೂರದಲ್ಲಿ ಬೆನ್ನು ತುರಿಸಿಕೊಳ್ಳುತ್ತಿತ್ತು. “ಅದು ನಂದು ಮೇಡಂ” ಎಂದು ಮೇಸ್ತ್ರಿ ಹಿಂಬದಿಯ ಹೆಸರಿನ ಗುಟ್ಟನ್ನೂ ಹೇಳಿಬಿಟ್ಟ. ಜನ ಗೊಳ್ಳೆಂದು ನಕ್ಕರು. ಹೆಂಡತಿ ತಲೆ ತಗ್ಗಿಸಿದಳು.

ಮೇಡಂ ನಗಲಿಲ್ಲ. “ಕೀಳಿಸಿ ನೋಡೋಣ ಅಜ್ಜ. ಹೆಸರಿದ್ರೆ ಅದು ಹಳೇದಲ್ಲ ಅಂತಾಯ್ತು. ಹಳೇದಲ್ದೆ ಇರೋದನ್ನ ಅಲ್ಲಿ ಇಟ್ಕೊಳ್ಳೋ ಹಾಗೂ ಇಲ್ಲ.” ಹಾರೆ ಹಿಡಿದು ಇಬ್ಬರು ಏಣಿ ಹತ್ತಿದರು.

ಆ ಕಲ್ಲಿಗೆ ಒಳಗಿನಿಂದ ಕಬ್ಬಿಣದ ಕೊಂಡಿ ಬಡಿದಿದ್ದವನೂ ಮೇಸ್ತ್ರಿಯೇ. ಎಬ್ಬಿಸಿದರೆ ಮೀನು ನಡುವೆಯೇ ಸೀಳುತ್ತದೆಂದು ಅವನೊಬ್ಬನಿಗೇ ಗೊತ್ತು. ಹೆಸರು ಸಿಗುತ್ತದೆ, ಮೀನು ಹೋಗುತ್ತದೆ. ಏಣಿಯ ಬುಡದಲ್ಲಿ ಹೆಂಡತಿ ಈಗ ಕತ್ತು ಚಾಚಿ ನೋಡುತ್ತಿದ್ದಳು. ಹಾರೆ ಗಾರೆಗೆ ತಾಗಿತು.

“ನಿಲ್ಸಿ!” ಮೇಸ್ತ್ರಿ ಕೂಗಿದ. “ಬುರುಡೆ ಬಿಟ್ಟೆ ಮೇಡಂ. ಅದು ನಂದಲ್ಲ.”

ಊರಿಗೆ ಇನ್ನೇನು ಬೇಕು. ಮೇಡಂ ಅಲ್ಲೇ ನಿಂತು ಫಲಕಕ್ಕೆ ಬರೆಸಿದರು: ಮುನ್ನೂರು ವರ್ಷ ಹಳೆಯದು, ಶಿಲ್ಪಿ ಅಜ್ಞಾತ.

ಮನೆಗೆ ಬಂದ ಮೇಲೆ ಹೆಂಡತಿ ನೀರು ತರಲು ಒಳಗೆ ಹೋದಳು. ಮದುವೆಯಾದಾಗಿನಿಂದ ಈ ಮನುಷ್ಯ ತನ್ನದು ತಪ್ಪು ಎಂದು ಒಪ್ಪಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಅವನು ಕಾಯಿಸಿದ ಹಾಲು ಉಕ್ಕಿದರೆ ಅದೂ ಒಲೆಯದೇ ತಪ್ಪು. ನೀರಿನ ಲೋಟವನ್ನು ಅವನ ಮುಂದಿಟ್ಟು, ಗೋಡೆ ನೋಡುತ್ತ ಕೇಳಿದಳು: “ಅಕ್ಷರ ಎಷ್ಟು ದೊಡ್ಡದಾಗಿ ಕೆತ್ತಿದ್ರಿ?”

ಮೇಸ್ತ್ರಿ ಹೆಬ್ಬೆರಳು, ಕಿರುಬೆರಳು ಅಗಲಿಸಿ ತೋರಿಸಿದ.